ಅಂಟು, ನಂಟು, ಬಂಧ

ಚಾಮರಾಜನಗರದಿಂದ ನಂಜನಗೂಡಿನ ಕಡೆಗೆ ಹೋಗುವಾಗ ಸಿಗುವ ಬದನಗುಪ್ಪೆಯ ಆಸುಪಾಸಿನಲ್ಲಿ ಒಲೆಯನ್ನು ಅಂಟಿಸುತ್ತಾರೆ. ‘ವಸಿ ಒಲೆ ಅಂಟ್ಸವ್ವ’ ಎಂದು ಮಗ ಕೇಳಿದರೆ ತಾಯಿ ಬೆಂಕಿಕಡ್ಡಿ ಗೀರುತ್ತಾಳೆ. ದೀಪವನ್ನೂ ಅಂಟಿಸುತ್ತಾರೆ, ಬೀಡಿಯನ್ನೂ ಅಂಟಿಸುತ್ತಾರೆ. ಅದೇ ಜನ ಗೋಡೆಗೆ ಪೋಸ್ಟರ್ ಅಂಟಿಸುತ್ತಾರೆ, ಲಕೋಟೆಯ ಬಾಯಿ ಅಂಟಿಸುತ್ತಾರೆ. ಮಳೆ ಬಿದ್ದರೆ ಎರೆಮಣ್ಣು ಕಾಲಿಗೆ ಅಂಟುತ್ತದೆ. ಅರಿಸಿನ ಬೇಯಿಸುವ ದಿನಗಳಲ್ಲಿ ಹಳದಿ ಕೈಗೆ ಅಂಟುತ್ತದೆ. ಊರಿಗೆ ಜ್ವರ ಬಂದರೆ ಒಬ್ಬರಿಂದ ಒಬ್ಬರಿಗೆ ಅಂಟುತ್ತದೆ. ಬೆಂಕಿ, ಗೋಂದು, ಮಣ್ಣು, ಬಣ್ಣ, ಕಾಯಿಲೆ ಇಷ್ಟನ್ನೂ ಒಂದೇ ಕ್ರಿಯಾಪದ ಹೇಗೆ ಹೊತ್ತುಕೊಂಡಿತು?

ಇಂದು ಅಂಟು ಎಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಜಿಗುಟಾದ ಪದಾರ್ಥ. ಆ ಅರ್ಥದಿಂದ ಹೊರಟರೆ ಒಲೆಯ ಅಂಟು ಬಿಡಿಸಲಾಗದ ಒಗಟಾಗುತ್ತದೆ. ಬೆಂಕಿಯಲ್ಲಿ ಜಿಗುಟೆಲ್ಲಿ ಬಂತು? ಆದ್ದರಿಂದ ಹಿಂದಕ್ಕೆ ಹೋಗಬೇಕು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಫರ್ಡಿನೆಂಡ್ ಕಿಟೆಲ್ಲರ ನಿಘಂಟು ಈ ಪದಕ್ಕೆ ತಾಗು, ಮುಟ್ಟು, ಹತ್ತಿಕೊಳ್ಳು ಎಂಬ ಅರ್ಥಗಳನ್ನು ಕೊಡುತ್ತದೆ. ಬರೋ ಮತ್ತು ಎಮೆನೋ ಅವರು ಸಿದ್ಧಪಡಿಸಿ 1961ರಲ್ಲಿ ಮೊದಲು ಪ್ರಕಟಿಸಿದ ದ್ರಾವಿಡ ಭಾಷೆಗಳ ವ್ಯುತ್ಪತ್ತಿ ಕೋಶ ಇದರ ಅಕ್ಕತಂಗಿಯರನ್ನು ಒಂದೆಡೆ ಕೂರಿಸುತ್ತದೆ. ತಮಿಳಿನ ‘ಅಂಡು’ ಎಂದರೆ ಹತ್ತಿರ ಹೋಗು, ಆಶ್ರಯಿಸು. ‘ಅಂಡೈ’ ಎಂದರೆ ನೆರೆ. ಅಂಡೈ ವೀಡು ಎಂದರೆ ಪಕ್ಕದ ಮನೆ. ತೆಲುಗಿನ ‘ಅಂಟು’ ಎಂದರೆ ಮುಟ್ಟು, ತಾಗು. ಅಲ್ಲಿಯೂ ಬೆಂಕಿ ಹೊತ್ತಿಸುವುದಕ್ಕೆ ‘ಅಂಟಿಂಚು’ ಎನ್ನುತ್ತಾರೆ.

ಮೂರೂ ಭಾಷೆಗಳನ್ನು ಜೊತೆಗಿಟ್ಟು ನೋಡಿದಾಗ ದಾರಿ ತಿಳಿಯಾಗುತ್ತದೆ. ಪದದ ಮೂಲದಲ್ಲಿ ಇರುವುದು ಸಮೀಪಿಸುವಿಕೆ. ಹತ್ತಿರ ಬರುವುದು ಮೊದಲು, ಹತ್ತಿರ ಬಂದದ್ದು ತಾಗುವುದು ಆಮೇಲೆ, ತಾಗಿದ್ದು ಅಲ್ಲೇ ಉಳಿಯುವುದು ಕೊನೆಗೆ. ತಮಿಳು ಮೊದಲ ಮೆಟ್ಟಿಲಲ್ಲಿ ನಿಂತಿತು, ತೆಲುಗು ಎರಡನೆಯದರಲ್ಲಿ, ಕನ್ನಡ ಮೂರನೆಯದಕ್ಕೆ ಇಳಿಯಿತು. ಆದರೆ ಕನ್ನಡದ ಹಳ್ಳಿಮಾತು ಎರಡನೆಯ ಮೆಟ್ಟಿಲನ್ನೂ ಬಿಡಲಿಲ್ಲ. ಉರಿಯನ್ನು ಸೌದೆಗೆ ತಾಗಿಸುವುದೇ ಒಲೆ ಅಂಟಿಸುವುದು. ಗಡಿಯಾಚೆ, ತಮಿಳುನಾಡಿನ ತಾಳವಾಡಿಯಲ್ಲಿ ಮನೆಮಾತು ಕನ್ನಡ, ಕಚೇರಿಯ ಮಾತು ತಮಿಳು. ಗುಂಡ್ಲುಪೇಟೆ, ಚಾಮರಾಜನಗರದ ಸಂತೆಗಳಿಗೆ ಅಲ್ಲಿಯ ಜನ ಬಂದು ಹೋಗುತ್ತಾರೆ. ಈ ಗಡಿಯ ಬಾಳಿನಲ್ಲಿ ಅಂಡು ಮತ್ತು ಅಂಟು ಒಂದೇ ಬಾಯಲ್ಲಿ ಇರಬಲ್ಲವು.

ಇದೇ ದಾರಿಯಲ್ಲಿ ನಡೆದ ಇನ್ನೊಂದು ಪದ ಕನ್ನಡದಲ್ಲಿದೆ: ನಂಟು. ತಮಿಳಿನಲ್ಲಿ ‘ನಣ್ಣು’ ಎಂದರೆ ಹತ್ತಿರವಾಗು. ಅದರಿಂದ ‘ನಣ್ಬನ್’ ಬಂದ, ‘ನಟ್ಪು’ ಬಂತು. ನಮ್ಮ ನಂಟು, ನಂಟ, ನೆಂಟ, ನೆಂಟಸ್ತನ ಅದೇ ಬುಡದವು. ಅಂಟು ಎಂಬುದೂ ಹತ್ತಿರವಾಗುವುದೇ, ನಂಟು ಎಂಬುದೂ ಹತ್ತಿರವಾಗುವುದೇ. ಆದರೆ ಅಂಟು ಯಾರಿಗೆ ಬೇಕಾದರೂ ತಾಗುತ್ತದೆ, ನಂಟು ಹಾಗಲ್ಲ. ನಂಟಿಗೆ ಇಂಥವರು ಎಂಬ ಗುರುತು ಬೇಕು, ಕೊಡುವವರೂ ತೆಗೆದುಕೊಳ್ಳುವವರೂ ಬೇಕು. ಈ ವ್ಯತ್ಯಾಸವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು; ರಸಾಯನಶಾಸ್ತ್ರದ ಬಾಗಿಲಲ್ಲಿ ಅದು ಕೆಲಸಕ್ಕೆ ಬರುತ್ತದೆ.

ಕ್ರಿಯಾಪದವಾಗಿದ್ದ ಅಂಟು ನಾಮಪದವಾದಾಗ ಪದಾರ್ಥದ ಹೆಸರಾಯಿತು. ಮರದಿಂದ ಒಸರಿ ಗಟ್ಟಿಯಾದ ಗೋಂದೂ ಅಂಟೇ. ಬಾಣಂತಿಯರಿಗೆ ಕಟ್ಟಿಕೊಡುವ ಅಂಟಿನ ಉಂಡೆಯಲ್ಲಿ ಇರುವುದು ಈ ಅಂಟು; ತುಪ್ಪದಲ್ಲಿ ಹಾಕಿದರೆ ಅರಳುತ್ತದೆ. ಗೋಕಾಕಿನ ಕರದಂಟು, ಅಮೀನಗಡದ ಕರದಂಟು ಎಂದು ಹೆಸರಾದ ಸಿಹಿಯಲ್ಲಿ ಇರುವುದೂ ಇದೇ: ಕರಿದ ಅಂಟು, ಕರದಂಟು. ಲಾಡು ಮಾಡುವವರು ಸಕ್ಕರೆ ಪಾಕವನ್ನು ಎರಡು ಬೆರಳ ನಡುವೆ ಹಿಡಿದು ‘ಅಂಟು ಬಂತು’ ಎನ್ನುವಾಗಲೂ, ಒಂದೆಳೆ ಪಾಕಕ್ಕಿಂತ ಮೊದಲಿನ ಹದಕ್ಕೆ ‘ಅಂಟು ಪಾಕ’ ಎನ್ನುವಾಗಲೂ, ಪದ ಒಂದು ಹದದ ಅಳತೆಯಾಗುತ್ತದೆ.

ಈ ಪದ ರಸಾಯನಶಾಸ್ತ್ರಕ್ಕೆ ಅತ್ಯಂತ ಹತ್ತಿರ ಬರುವುದು ಮೈದಾ ಅಂಟಿನಲ್ಲಿ. ರಾಜ್‌ಕುಮಾರ್ ಹುಟ್ಟಿ ಬೆಳೆದ ಈ ಸೀಮೆಯಲ್ಲಿ ಅವರ ಎಷ್ಟೋ ಚಿತ್ರಗಳ ಪೋಸ್ಟರುಗಳನ್ನು ಗೋಡೆಯ ಮೇಲೆ ನಿಲ್ಲಿಸಿದ್ದು, ಚುನಾವಣೆಯ ಕಾಲಕ್ಕೆ ಊರೂರಿನ ಗೋಡೆ ತುಂಬಿಸಿದ್ದು, ಮೈದಾ ಕದಡಿ ಕಾಯಿಸಿದ ಆ ಅಂಟು. ತಣ್ಣೀರಿನಲ್ಲಿ ಕದಡಿದ ಮೈದಾ ಹಿಡಿಯುವುದಿಲ್ಲ, ಕಾಯಿಸಬೇಕು. ಏಕೆ?

ಮೈದಾದಲ್ಲಿ ಹೆಚ್ಚಾಗಿ ಇರುವುದು ಪಿಷ್ಟ. ಪಿಷ್ಟವೆಂದರೆ ಗ್ಲೂಕೋಸ್ ಅಣುಗಳು ಉದ್ದಕ್ಕೆ ಕೂಡಿಕೊಂಡ ಸರಪಳಿ. ಒಂದೊಂದು ಗ್ಲೂಕೋಸಿನ ಮೈಯಿಂದಲೂ ಆಮ್ಲಜನಕ ಮತ್ತು ಜಲಜನಕದ ಜೋಡಿಗಳು ಹೊರಚಾಚಿರುತ್ತವೆ. ಈ ಜೋಡಿಯಲ್ಲಿ ಆಮ್ಲಜನಕ ಎಲೆಕ್ಟ್ರಾನುಗಳನ್ನು ತನ್ನ ಕಡೆ ಹೆಚ್ಚಾಗಿ ಸೆಳೆದುಕೊಳ್ಳುತ್ತದೆ. ಹಾಗಾಗಿ ಆಮ್ಲಜನಕದ ಮೇಲೆ ತುಸು ಋಣ, ಜಲಜನಕದ ಮೇಲೆ ತುಸು ಧನ ವಿದ್ಯುದಂಶ ಉಳಿಯುತ್ತದೆ. ಧನವಾದ ಜಲಜನಕ ಪಕ್ಕದ ಅಣುವಿನ ಆಮ್ಲಜನಕದ ಹತ್ತಿರ ಬಂದಾಗ ಅದರತ್ತ ಸೆಳೆಯಲ್ಪಡುತ್ತದೆ. ಇದೇ ಹೈಡ್ರೋಜನ್ ಬಂಧ. ಹಸಿ ಮೈದಾದ ಕಣದೊಳಗೆ ಪಿಷ್ಟದ ಸರಪಳಿಗಳು ಒಂದಕ್ಕೊಂದು ಹೀಗೆ ತಾಗಿ ಒತ್ತಾಗಿ ಸುರುಳಿ ಸುತ್ತಿಕೊಂಡಿರುತ್ತವೆ, ತಣ್ಣೀರು ಒಳನುಗ್ಗಲಾರದು. ಸುಮಾರು 60ರಿಂದ 70 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಒಳಗಿನ ಹಿಡಿತ ಸಡಿಲಗೊಂಡು ನೀರು ನುಗ್ಗುತ್ತದೆ, ಕಣ ಉಬ್ಬಿ ಒಡೆಯುತ್ತದೆ, ಸರಪಳಿಗಳು ಬಿಚ್ಚಿಕೊಂಡು ಹೊರಗೆ ಹರಡುತ್ತವೆ.

ಕಾಗದದ ಸೆಲ್ಯುಲೋಸ್ ಕೂಡ ಗ್ಲೂಕೋಸಿನಿಂದಲೇ ಆದದ್ದು. ಹಚ್ಚಿದ ಅಂಟಿನ ನೀರು ಆರುತ್ತಿದ್ದಂತೆ ಪಿಷ್ಟದ ಸರಪಳಿ ಕಾಗದದ ಸರಪಳಿಗೆ ಇನ್ನೂ ಹತ್ತಿರ ಸರಿಯುತ್ತದೆ, ನಡುವೆ ನೀರು ಹಿಡಿದಿದ್ದ ಜಾಗಗಳಲ್ಲಿ ಇವೆರಡೂ ನೇರವಾಗಿ ತಾಗಿಕೊಳ್ಳುತ್ತವೆ. ಸಮೀಪಿಸು, ತಾಗು, ಉಳಿ ಎಂಬ ಪದದ ಮೂರು ಮೆಟ್ಟಿಲುಗಳೂ ಗೋಡೆಯ ಮೇಲೆ ನಡೆಯುತ್ತವೆ. ಮಳೆ ಬಂದು ನೆನೆದರೆ ನೀರಿನ ಅಣುಗಳು ಮತ್ತೆ ನಡುವೆ ತೂರಿಕೊಳ್ಳುತ್ತವೆ, ಪೋಸ್ಟರು ಜಾರುತ್ತದೆ. ಬಟ್ಟೆಗೆ ಗಂಜಿ ಹಾಕುವುದರಲ್ಲಿಯೂ ನೀರು ಚಿಮುಕಿಸಿ ಇಸ್ತ್ರಿ ಮಾಡುವುದರಲ್ಲಿಯೂ ನಡೆಯುವುದು ಇದೇ ಬಿಡಿಸುವ, ಹೊಸ ಜಾಗದಲ್ಲಿ ಕೂಡಿಸುವ ಕೆಲಸ. ಹತ್ತಿಯ ನೂಲಿನಲ್ಲಿರುವುದೂ ಸೆಲ್ಯುಲೋಸೇ.

ಹತ್ತಿಗಿಂತ ರೇಷ್ಮೆ ಈ ಜಿಲ್ಲೆಗೆ ಇನ್ನೂ ಹತ್ತಿರದ್ದು. ಚಾಮರಾಜನಗರ, ಸಂತೇಮರಹಳ್ಳಿ, ಕೊಳ್ಳೇಗಾಲದ ಕಡೆ ಹಿಪ್ಪುನೇರಳೆಯ ತೋಟ, ಹುಳು ಸಾಕಣೆ, ನೂಲು ಬಿಚ್ಚಾಣಿಕೆ ಹಲವು ತಲೆಮಾರುಗಳಿಂದ ಬಂದ ಕಸುಬು. ರೇಷ್ಮೆ ಹುಳು ಗೂಡು ಕಟ್ಟುವಾಗ ಫೈಬ್ರಾಯಿನ್ ಎಂಬ ಪ್ರೋಟೀನಿನ ಎರಡು ಎಳೆಗಳನ್ನು ಒಟ್ಟಿಗೆ ಹೊರಬಿಡುತ್ತದೆ, ಅವುಗಳ ಸುತ್ತ ಸೆರಿಸಿನ್ ಎಂಬ ಇನ್ನೊಂದು ಪ್ರೋಟೀನಿನ ಲೇಪ ಇರುತ್ತದೆ. ಈ ಲೇಪವೇ ರೇಷ್ಮೆಯ ಅಂಟು. ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಅದೇ. ಸೆರಿಸಿನ್ನಿನಲ್ಲಿ ನೀರಿಗೆ ಕೈಚಾಚುವ ಆಮ್ಲಜನಕ–ಜಲಜನಕದ ಜೋಡಿಗಳು ಹೇರಳವಾಗಿರುವುದರಿಂದ ಬಿಸಿನೀರಿನಲ್ಲಿ ಅದು ಮೆತ್ತಗಾಗುತ್ತದೆ. ಆಗ ಗೂಡಿನ ಎಳೆಯ ತುದಿ ಸಿಗುತ್ತದೆ. ಹಲವು ಗೂಡುಗಳ ಎಳೆಗಳನ್ನು ಒಟ್ಟಿಗೆ ಎಳೆದು ಸುತ್ತುವಾಗ ಅದೇ ಸೆರಿಸಿನ್ ಆರಿ ಅವನ್ನೆಲ್ಲ ಒಂದೇ ನೂಲಾಗಿ ಕೂಡಿಸುತ್ತದೆ. ಬಿಡಿಸಲೂ ಕೂಡಿಸಲೂ ಒಂದೇ ಅಂಟು ಸಾಕು ಎಂಬ ತಿಳಿವಳಿಕೆಯ ಮೇಲೆ ಬಿಚ್ಚಾಣಿಕೆಯ ಕಸುಬು ನಿಂತಿದೆ. ಸೀರೆಗೆ ಹೊಳಪು ಬರಬೇಕಾದಾಗ ಸೋಪಿನ ನೀರಿನಲ್ಲಿ ಕುದಿಸಿ ಆ ಅಂಟನ್ನು ತೆಗೆಯುತ್ತಾರೆ.

ಹಾಗೆ ಕುದಿಸಿದರೂ ಒಳಗಿನ ಫೈಬ್ರಾಯಿನ್ ಕರಗುವುದಿಲ್ಲ. ಅಲ್ಲಿ ಹಿಡಿದಿರುವುದೂ ಹೈಡ್ರೋಜನ್ ಬಂಧಗಳೇ, ಆದರೆ ಅವು ಸಾಲುಗಟ್ಟಿ ನಿಂತಿವೆ. ಪ್ರೋಟೀನಿನ ಸರಪಳಿಗಳು ಪಕ್ಕಪಕ್ಕಕ್ಕೆ ಬಂದು, ಒಂದರ ಸಾರಜನಕಕ್ಕೆ ಹತ್ತಿದ ಜಲಜನಕ ಪಕ್ಕದ್ದರ ಆಮ್ಲಜನಕಕ್ಕೆ ಎದುರಾಗಿ, ಹಾಳೆಗಳಂತೆ ಒಂದರ ಮೇಲೊಂದು ಕುಳಿತಿವೆ. ಆಷಾಢದಲ್ಲಿ ಚಾಮರಾಜೇಶ್ವರನ ತೇರನ್ನು ಎಳೆಯುವಾಗ ಒಬ್ಬೊಬ್ಬರ ಕೈಯ ಬಲ ಎಷ್ಟು ಎಂದು ಯಾರೂ ಕೇಳುವುದಿಲ್ಲ. ಎಲ್ಲರೂ ಒಂದೇ ದಿಕ್ಕಿಗೆ ಎಳೆದಾಗ ತೇರು ಚಲಿಸುತ್ತದೆ. ಫೈಬ್ರಾಯಿನ್ನಿನ ಗಟ್ಟಿತನವೂ ಹೀಗೆ ಎಣಿಕೆಯಿಂದ ಮತ್ತು ಸಾಲಿನಿಂದ ಬಂದದ್ದು. ಪ್ರೋಟೀನಿನ ಇಂಥ ಹಾಳೆಯ ರಚನೆಯನ್ನು ಲೈನಸ್ ಪೌಲಿಂಗ್ ಮತ್ತು ರಾಬರ್ಟ್ ಕೋರಿ 1951ರಲ್ಲಿ ಮುಂದಿಟ್ಟರು.

ಅಂಟು ತೆಗೆಯುವ ಕೆಲಸಕ್ಕೂ ಈ ಸೀಮೆಯ ಕಾಡು ಒಂದು ಕಾಯಿ ಕೊಟ್ಟಿದೆ. ಅದರ ಹೆಸರಿನಲ್ಲಿಯೇ ಅಂಟು ಕೇಳಿಸುತ್ತದೆ: ಅಂಟುವಾಳ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಜೇನು, ನೆಲ್ಲಿ, ಸೀಗೆಯ ಜೊತೆಗೆ ಆಯ್ದು ತರುತ್ತಿದ್ದ ಕಾಡಿನ ಉತ್ಪನ್ನಗಳಲ್ಲಿ ಇದೂ ಒಂದು. ಕಾಯಿಯ ತಿರುಳು ಬೆರಳಿಗೆ ಅಂಟುತ್ತದೆ; ಅದೇ ತಿರುಳು ನೀರಿನಲ್ಲಿ ನೊರೆಯೆದ್ದು ಬಟ್ಟೆಗೆ, ತಲೆಗೆ, ಬೆಳ್ಳಿ ಬಂಗಾರಕ್ಕೆ ಅಂಟಿದ ಜಿಡ್ಡು ಬಿಡಿಸುತ್ತದೆ. ಅದರಲ್ಲಿರುವ ಸಪೋನಿನ್ ಎಂಬ ಅಣುವಿನ ಒಂದು ತುದಿ ಸಕ್ಕರೆಯ ಜಾತಿಯದು, ನೀರಿಗೆ ಹೈಡ್ರೋಜನ್ ಬಂಧದಿಂದ ಹತ್ತುತ್ತದೆ. ಇನ್ನೊಂದು ತುದಿ ನೀರನ್ನು ಒಲ್ಲದು, ಜಿಡ್ಡಿಗೆ ಹತ್ತುತ್ತದೆ. ನೀರಿನ ಮೇಲ್ಮೈಯಲ್ಲಿ ನೀರಿನ ಅಣುಗಳು ಒಂದಕ್ಕೊಂದು ಹಿಡಿದು ಬಿಗಿಗೊಳಿಸಿದ ಸೆಳೆತ ಇದರಿಂದ ಸಡಿಲವಾಗುತ್ತದೆ, ನೀರು ನೂಲಿನ ಸಂದಿಗೆ ಇಳಿಯುತ್ತದೆ, ಜಿಡ್ಡು ನೀರಿನ ಜೊತೆ ಹೊರಡುತ್ತದೆ.

ಪದಕ್ಕೆ ಒಂದು ಕತ್ತಲಿನ ದಾರಿಯೂ ಇದೆ. ಮುಟ್ಟುವುದು ಎಂಬ ಅರ್ಥವೇ ಭಯವಾಗಿ ಬದಲಾದ ದಾರಿ ಅದು. ಅಂಟುರೋಗ, ಅಂಟುಜಾಡ್ಯ ಎಂಬ ಮಾತುಗಳು ಪ್ಲೇಗು, ಸಿಡುಬಿನ ಕಾಲದ ನೆನಪನ್ನು ಹೊತ್ತಿವೆ. ವಿಜ್ಞಾನದ ಲೆಕ್ಕದಲ್ಲಿ ಆ ಹೆಸರು ಸರಿಯಾಗಿದೆ. ವೈರಸ್ಸು ಜೀವಕೋಶವನ್ನು ಹೊಗುವುದಕ್ಕೆ ಮೊದಲು ಅದರ ಮೇಲ್ಮೈಗೆ ಅಂಟಲೇಬೇಕು. ಫ್ಲೂ ವೈರಸ್ಸಿನ ಹೊರಮೈಯ ಪ್ರೋಟೀನು ನಮ್ಮ ಉಸಿರಿನ ನಾಳದ ಕೋಶಗಳ ಮೇಲಿರುವ ಸಯಾಲಿಕ್ ಆಮ್ಲ ಎಂಬ ಸಕ್ಕರೆಯ ಜಾತಿಯ ಅಣುವನ್ನು ಹಿಡಿಯುವುದರಲ್ಲಿ ಹೈಡ್ರೋಜನ್ ಬಂಧಗಳ ಪಾಲು ದೊಡ್ಡದು. ಒಂದೊಂದು ಹಿಡಿತವೂ ದುರ್ಬಲ. ಹಲವು ಸೇರಿದಾಗ ವೈರಸ್ಸು ನಿಲ್ಲುತ್ತದೆ.

ಆದರೆ ಕಾಯಿಲೆಯ ಹೆಸರಾಗಿದ್ದನ್ನು ಮನುಷ್ಯರ ಮೇಲೆ ಹೊರಿಸಿದಾಗ ಭಾಷೆ ಅಪರಾಧಕ್ಕೆ ಜೊತೆಗಾರ ಆಗುತ್ತದೆ. ಅಂಟುಮುಟ್ಟು ಎಂಬ ಜೋಡಿಪದ ಮೈಲಿಗೆಯ ಪದವಾಯಿತು. ತೆಲುಗಿನಲ್ಲಿ ಅಸ್ಪೃಶ್ಯತೆಗೆ ಇರುವ ಪದ ‘ಅಂಟರಾನಿತನಂ’. ಅಂಟಬಾರದು, ಅಂದರೆ ಮುಟ್ಟಬಾರದು ಎಂಬ ಕಟ್ಟಳೆಯನ್ನೇ ಹೆಸರಾಗಿಸಿಕೊಂಡ ಪದ. ಬದನಗುಪ್ಪೆಗೆ ದೂರವಲ್ಲದ ಬದನವಾಳಿನಲ್ಲಿ ಖಾದಿಯ ನೂಲುವ ಕೇಂದ್ರ ದಲಿತ ಹೆಣ್ಣುಮಕ್ಕಳ ಕೈಯಲ್ಲಿ ಬೆಳೆಯಿತು. 1927ರಲ್ಲಿ ಗಾಂಧೀಜಿ ಅಲ್ಲಿಗೆ ಬಂದಿದ್ದರು. ಆ ಕೈಗಳು ನೂತ ನೂಲು ಎಲ್ಲರ ಮೈಮೇಲೂ ಬಟ್ಟೆಯಾಯಿತು. ಅದೇ ಊರಿನಲ್ಲಿ 1993ರಲ್ಲಿ, ದೇವಸ್ಥಾನದ ಪ್ರವೇಶದ ವಿಚಾರ ಹುಟ್ಟುಹಾಕಿದ ದ್ವೇಷಕ್ಕೆ ಮೂವರು ದಲಿತರು ಕೊಲೆಯಾದರು. ಅಂಟು ಎಂಬ ಪದದ ಚರಿತ್ರೆ ಬರೆಯುವವರು ಈ ಪುಟವನ್ನು ಮಡಿಚಿಟ್ಟು ಮುಂದೆ ಹೋಗಬಾರದು. ಹತ್ತಿರ ಬಾ ಎಂಬ ಅರ್ಥದ ಬೇರಿನಿಂದ ದೂರ ನಿಲ್ಲು ಎಂಬ ಆಜ್ಞೆ ಹುಟ್ಟಿದ್ದು ಈ ಪದಕ್ಕೆ ಆದ ದೊಡ್ಡ ಅನ್ಯಾಯ, ಅದಕ್ಕಿಂತ ದೊಡ್ಡದು ಅದರಿಂದ ಬೆಂದ ಜನರಿಗೆ ಆದದ್ದು.

ಅನುಭಾವಿಗಳು ಇದೇ ಪದವನ್ನು ಬೇರೆ ದಿಕ್ಕಿಗೆ ಕೊಂಡೊಯ್ದರು. ಅವರ ಮಾತಿನಲ್ಲಿ ಅಂಟು ಎಂದರೆ ಮೋಹ, ಬಿಡಲಾರದ ಲೋಕದ ಸೆಳೆತ. ಅಂಟಿಯೂ ಅಂಟದಂತೆ ಇರು ಎಂಬ ನುಡಿಗಟ್ಟು ಇಂದಿಗೂ ಎಲ್ಲರ ಬಾಯಲ್ಲಿದೆ, ಅದಕ್ಕೆ ಹಿಂದಿನಿಂದ ಬಂದ ಸಾಕ್ಷಿ ತಾವರೆ ಎಲೆಯ ಮೇಲಿನ ನೀರು. ಎಲೆಯ ಮೇಲ್ಮೈಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಉಬ್ಬುಗಳಿವೆ, ಅವುಗಳ ಮೇಲೆ ಮೇಣದ ಲೇಪವಿದೆ. ಮೇಣದ ಅಣುಗಳಲ್ಲಿ ನೀರಿನ ಜಲಜನಕವನ್ನು ಸೆಳೆಯಬಲ್ಲ ಆಮ್ಲಜನಕ ತೀರ ಕಡಿಮೆ. ಹಿಡಿಯಲು ಜೊತೆ ಸಿಗದ ನೀರು ತನ್ನ ತನ್ನಲ್ಲೇ ಹಿಡಿದುಕೊಂಡು ಗುಂಡಗಾಗುತ್ತದೆ, ಉರುಳುತ್ತದೆ.

ಇಷ್ಟು ದೂರ ಬಂದ ಪದ ವಿಜ್ಞಾನದ ಪಠ್ಯಪುಸ್ತಕದಲ್ಲಿ ಹೆಚ್ಚು ಕಾಣುವುದಿಲ್ಲ. ಅಲ್ಲಿ ಆಳುವುದು ಬಂಧ: ಅಯಾನಿಕ ಬಂಧ, ಸಹವೇಲೆನ್ಸೀಯ ಬಂಧ, ಹೈಡ್ರೋಜನ್ ಬಂಧ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಪತ್ರಿಕೆಯನ್ನು ಹೊರತಂದ ಕಾಲದಿಂದ, ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ ಜೆ.ಆರ್. ಲಕ್ಷ್ಮಣರಾವ್ ಅವರಂಥವರ ಬರವಣಿಗೆಯವರೆಗೆ, ಕನ್ನಡ ವಿಜ್ಞಾನ ಸಾಹಿತ್ಯ ಪರಿಭಾಷೆಗಾಗಿ ಪಟ್ಟ ಶ್ರಮ ಸಣ್ಣದಲ್ಲ. ಜಲಜನಕ, ಆಮ್ಲಜನಕದಂಥ ಅರ್ಥವತ್ತಾದ ಪದಗಳು ಆ ದಾರಿಯಲ್ಲೇ ಮನೆಮಾತಾದವು. ಬಂಧವೂ ಹಾಗೆ ನೆಲೆಯೂರಿತು. ಅದರ ಹುಟ್ಟು ಬೇರೆ ಕುಲದಲ್ಲಿ. ಸಂಸ್ಕೃತದ ‘ಬಂಧ್’ ಧಾತುವಿಗೂ ಇಂಗ್ಲಿಷಿನ ಬಾಂಡ್, ಬೈಂಡ್‌ಗಳಿಗೂ ಇಂಡೋ–ಯುರೋಪಿಯನ್ ಮೂಲ ಒಂದೇ. ಪರ್ಷಿಯನ್ನಿನಿಂದ ಬಂದ ಬಂದೋಬಸ್ತ್, ಬಂದ್ ಕೂಡ ಅದೇ ಮನೆತನದವು. ಬಂಧನ, ಬಂಧು, ಸಂಬಂಧ, ಬಾಂಡ್ ಪೇಪರ್ ಎಲ್ಲದರ ಒಳಗೂ ಕಟ್ಟುವ ಕೆಲಸ ಇದೆ.

ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಒಂದಾಗುವುದಕ್ಕೆ ಬಂಧ ತಕ್ಕ ಹೆಸರು. ನೀರಿನ ಅಣುವಿನೊಳಗೆ ಆಮ್ಲಜನಕಕ್ಕೆ ಜಲಜನಕ ಹೀಗೆ ಕಟ್ಟಿಕೊಂಡಿದೆ. ಬಿಡಿಸಲು ಮೋಲ್‌ಗೆ ಸುಮಾರು 460 ಕಿಲೋಜೂಲ್ ಶಕ್ತಿ ಬೇಕು. ಒಂದು ನೀರಿನ ಅಣು ಇನ್ನೊಂದನ್ನು ಹಿಡಿಯುವ ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು. ದ್ರವರೂಪದ ನೀರಿನಲ್ಲಿ ಇಂಥ ಒಂದು ಹಿಡಿತ ಸೆಕೆಂಡಿನ ಲಕ್ಷ ಕೋಟಿ ಪಾಲಿನಲ್ಲಿ ಒಂದೆರಡು ಪಾಲಿನಷ್ಟು ಹೊತ್ತು ಮಾತ್ರ ಉಳಿಯುತ್ತದೆ. ಬಿಟ್ಟದ್ದು ಕೂಡಲೇ ಇನ್ನೊಂದರ ಕೈಹಿಡಿಯುತ್ತದೆ. ಇಷ್ಟು ದುರ್ಬಲವಾದ ಈ ಹಿಡಿತ ಇಲ್ಲದಿದ್ದರೆ ನೀರು ನಮಗೆ ದಕ್ಕುತ್ತಿರಲಿಲ್ಲ. ನೀರಿಗಿಂತ ಭಾರದ ಅಣುವಾದ ಹೈಡ್ರೋಜನ್ ಸಲ್ಫೈಡಿನಲ್ಲಿ ಈ ಹಿಡಿತ ಬಹಳ ಕ್ಷೀಣ, ಅದು ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿಯುತ್ತದೆ. ನೀರು 100 ಡಿಗ್ರಿಯವರೆಗೆ ಕಾಯುತ್ತದೆ.

ಈ ವಿಚಿತ್ರ ಹಿಡಿತದ ಕಲ್ಪನೆಗೆ ರೂಪ ಕೊಟ್ಟವರು ಅಮೆರಿಕದ ಬರ್ಕ್ಲಿಯಲ್ಲಿದ್ದ ವೆಂಡೆಲ್ ಲ್ಯಾಟಿಮರ್ ಮತ್ತು ವರ್ತ್ ರೋಡ್‌ಬುಷ್, 1920ರಲ್ಲಿ. ಪೌಲಿಂಗರ 1939ರ ಪುಸ್ತಕ ಅದನ್ನು ರಸಾಯನಶಾಸ್ತ್ರದ ನಡುಮನೆಗೆ ತಂದಿತು. 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಡಿಎನ್‌ಎಯ ಎರಡು ಎಳೆಗಳನ್ನು ಜೋಡಿಸಿದ್ದೂ ಇದರಿಂದಲೇ. ಇಂದು ತಿಳಿದಿರುವಂತೆ, ಎದುರು ಬದುರಾದ ಎಳೆಗಳಲ್ಲಿ ಅಡೆನಿನ್ ಮತ್ತು ಥೈಮಿನ್ ಎಂಬ ಘಟಕಗಳ ನಡುವೆ ಎರಡು, ಗ್ವಾನಿನ್ ಮತ್ತು ಸೈಟೊಸಿನ್ ನಡುವೆ ಮೂರು. ಜೀವಕೋಶ ಒಡೆದು ಎರಡಾಗುವ ಮುನ್ನ ಈ ಎಳೆಗಳು ಬೇರ್ಪಡಬೇಕು, ಪ್ರತಿಯೊಂದರ ಮೇಲೂ ಹೊಸ ಎಳೆ ಕೂಡಬೇಕು. ಬಿಡಿಸಲಾಗದಂತೆ ಕಟ್ಟಿದ್ದರೆ ವಂಶ ಮುಂದುವರಿಯುತ್ತಿರಲಿಲ್ಲ.

ಅಂಟಿನ ಕಥೆಗೆ ಭಾರತದಲ್ಲಿಯೂ ಒಂದು ದೊಡ್ಡ ಅಧ್ಯಾಯವಿದೆ. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳನ್ನು ಹಿಡಿದಿರುವ ಕೊಲಾಜೆನ್ ಪ್ರೋಟೀನು ಮೂರೆಳೆಯ ಸುರುಳಿ ಎಂದು 1954–55ರಲ್ಲಿ ತೋರಿಸಿದವರು ಮದ್ರಾಸಿನಲ್ಲಿದ್ದ ಜಿ.ಎನ್. ರಾಮಚಂದ್ರನ್ ಮತ್ತು ಗೋಪಿನಾಥ್ ಕರ್ತಾ. ಆ ಮೂರೆಳೆಗಳನ್ನು ಒಟ್ಟಿಗೆ ಹಿಡಿಯುವುದು ಹೈಡ್ರೋಜನ್ ಬಂಧ. ರಾಮಚಂದ್ರನ್ ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತ ವಿಭಾಗವನ್ನು ಕಟ್ಟಿದರು. ಕೊಲಾಜೆನ್ ಎಂಬ ಹೆಸರನ್ನು ಬಿಡಿಸಿ ನೋಡಿದರೆ, ಗ್ರೀಕಿನ ‘ಕೊಲ್ಲ’ ಎಂದರೆ ಅಂಟು, ‘ಜೆನ್’ ಎಂದರೆ ಹುಟ್ಟಿಸುವುದು. ನೀರನ್ನು ಹುಟ್ಟಿಸುವುದು ಜಲಜನಕವಾದರೆ ಇದು ಅಂಟುಜನಕ. ತೊಗಲು ಮೂಳೆಗಳನ್ನು ಬೇಯಿಸಿದಾಗ ಮೂರೆಳೆಯ ಸುರುಳಿ ಬಿಚ್ಚಿ ಬಡಗಿಯ ಅಂಟು ಬರುತ್ತಿತ್ತು, ಹೆಸರು ಬಂದದ್ದು ಅಲ್ಲಿಂದ. ಗೋಧಿಯ ಗ್ಲುಟನ್ ಎಂಬುದೂ ಲ್ಯಾಟಿನ್ನಿನಲ್ಲಿ ಅಂಟೇ. ಯುರೋಪಿನ ವಿಜ್ಞಾನ ತನ್ನ ಅಡಿಗೆಮನೆಯ, ಬಡಗಿಮನೆಯ ಪದಗಳನ್ನು ಕೀಳೆಂದು ಬಿಡಲಿಲ್ಲ.

ಹೈಡ್ರೋಜನ್ ಬಂಧಕ್ಕೆ ಇಂದು ಜಗತ್ತು ಒಪ್ಪಿರುವ ವ್ಯಾಖ್ಯೆ ರೂಪುಗೊಂಡದ್ದರ ಹಿಂದೆಯೂ ಬೆಂಗಳೂರು ಇದೆ. ಹಳೆಯ ವ್ಯಾಖ್ಯೆ ಆಮ್ಲಜನಕ, ಸಾರಜನಕ, ಫ್ಲೋರಿನ್‌ಗಳಂಥ ಕೆಲವೇ ಧಾತುಗಳಿಗೆ ಸೀಮಿತವಾಗಿತ್ತು; ಇಂಗಾಲಕ್ಕೆ ಹತ್ತಿದ ಜಲಜನಕವೂ ಇಂಥ ದುರ್ಬಲ ಹಿಡಿತ ತೋರಿಸುತ್ತದೆ ಎಂಬ ಸಾಕ್ಷ್ಯ ಬೆಳೆಯುತ್ತಿತ್ತು. ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಇದನ್ನು ಮರುಪರಿಶೀಲಿಸಲು ನೇಮಿಸಿದ ತಂಡದ ನೇತೃತ್ವ ವಹಿಸಿದವರು ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಅದೇ ಸಂಸ್ಥೆಯ ಗೌತಮ್ ದೇಸಿರಾಜು ಕೂಡ ತಂಡದಲ್ಲಿದ್ದರು. 2011ರಲ್ಲಿ ಪ್ರಕಟವಾದ ಹೊಸ ವ್ಯಾಖ್ಯೆ ಧಾತುಗಳ ಪಟ್ಟಿಯನ್ನು ಕೈಬಿಟ್ಟು ಸಾಕ್ಷ್ಯವನ್ನು ಕೇಳಿತು: ಜಲಜನಕ ತನಗಿಂತ ಹೆಚ್ಚು ಎಲೆಕ್ಟ್ರಾನು ಸೆಳೆಯುವ ಪರಮಾಣುವಿಗೆ ಹತ್ತಿರಬೇಕು, ಇನ್ನೊಂದು ಪರಮಾಣು ಅಥವಾ ಗುಂಪು ಅದನ್ನು ಸೆಳೆಯಬೇಕು, ಬಂಧ ಉಂಟಾದ ಗುರುತು ಇರಬೇಕು. ಈ ಮೂರು ಪರಮಾಣುಗಳೂ ನೇರ ಗೆರೆಗೆ ಹತ್ತಿರವಾದಷ್ಟೂ ಹಿಡಿತ ಬಲ. ಪದದ ಬಗ್ಗೆಯೂ ವಿಚಾರ ನಡೆದಿತ್ತು. ಜರ್ಮನ್ನರು ಇದನ್ನು ಜಲಜನಕದ ಸೇತುವೆ ಎನ್ನುತ್ತಾರೆ. ದೇಸಿರಾಜು 2002ರಲ್ಲಿ ಬರೆದ ಲೇಖನದಲ್ಲಿ ಸೇತುವೆ ಎಂಬ ಮಾತಿನ ಪರ ವಾದಿಸಿದ್ದರು. ಕಟ್ಟು ಎಂಬ ರೂಪಕ ಈ ಬಲಕ್ಕೆ ಬಿಗಿಯಾಗುತ್ತದೆ ಎಂಬ ಅರಿವು ವಿಜ್ಞಾನಿಗಳಿಗೂ ಇತ್ತು.

ಹಾಗಾದರೆ ಅದನ್ನು ಅಂಟು ಎನ್ನೋಣವೇ? ಅಲ್ಲಿ ಒಂದು ತೊಡಕಿದೆ. ಅಂಟಿಗೆ ದಿಕ್ಕಿಲ್ಲ, ಆಯ್ಕೆಯಿಲ್ಲ. ಹೈಡ್ರೋಜನ್ ಬಂಧಕ್ಕೆ ಎರಡೂ ಇವೆ. ಅಡೆನಿನ್ ಥೈಮಿನ್ನನ್ನೇ ಹುಡುಕಿ ಕೂಡುತ್ತದೆ. ದಿಕ್ಕಿಲ್ಲದ, ಯಾವುದಕ್ಕೂ ಯಾವುದೂ ತಾಗಿ ನಿಲ್ಲುವ ಬಲ ಬೇರೆ ಇದೆ. ಅನಿಲಗಳ ಅಣುಗಳ ನಡುವೆಯೂ ಸೆಳೆತ ಇರಬೇಕೆಂದು 1873ರಲ್ಲಿ ಲೆಕ್ಕ ಹಾಕಿದ ಡಚ್ ವಿಜ್ಞಾನಿ ವಾನ್ ಡರ್ ವಾಲ್ಸ್ ಅವರ ಹೆಸರಿನಿಂದ ಅದನ್ನು ಕರೆಯುತ್ತಾರೆ. ನಮ್ಮ ಮನೆಗೋಡೆಯ ಹಲ್ಲಿಯ ಪಾದದಲ್ಲಿ ಗೋಂದಿಲ್ಲ, ಜಿಗುಟಿಲ್ಲ. ಕೂದಲಿಗಿಂತ ಎಷ್ಟೋ ಸಣ್ಣದಾಗಿ ಕವಲೊಡೆದ ಬಿರುಸಾದ ಎಳೆಗಳು ಗೋಡೆಗೆ ಅತಿ ಸಮೀಪ ಸರಿಯುತ್ತವೆ, ಆ ಸಾಮೀಪ್ಯವೇ ಅದನ್ನು ಹಿಡಿಯುತ್ತದೆ. ಗೆಕ್ಕೊ ಜಾತಿಯ ಹಲ್ಲಿಗಳು ವಾನ್ ಡರ್ ವಾಲ್ಸ್ ಬಲದಿಂದ ಗೋಡೆ ಹಿಡಿಯುತ್ತವೆ ಎಂಬುದಕ್ಕೆ 2002ರಲ್ಲಿ ಪ್ರಯೋಗದ ಆಧಾರ ಸಿಕ್ಕಿತು. ಜಿಗುಟಿನ ಅರ್ಥ ಬರುವುದಕ್ಕೂ ಮುಂಚಿನ, ಬರಿಯ ಸಮೀಪಿಸುವಿಕೆಯ ಅಂಟು ಇದು. ಒಲೆ ಅಂಟಿಸುವವರ ಅಂಟು.

ಈಗ ಕನ್ನಡದ ಮೂರು ಪದಗಳನ್ನು ಸಾಲಾಗಿ ಇಡಬಹುದು. ಯಾರೆಂದು ಕೇಳದೆ ತಾಗಿ ನಿಲ್ಲುವುದು ಅಂಟು. ಅದು ವಾನ್ ಡರ್ ವಾಲ್ಸ್ ಬಲದ ಗುಣ. ಕೊಡುವವರು ಯಾರು, ತೆಗೆದುಕೊಳ್ಳುವವರು ಯಾರು ಎಂದು ನೋಡಿ, ಎದುರು ಬದುರಾಗಿ ಹತ್ತಿರವಾಗಿ, ಬೇಕಾದಾಗ ಬಿಟ್ಟು ಮತ್ತೆ ಕೂಡುವುದು ನಂಟು. ಅದು ಹೈಡ್ರೋಜನ್ ಬಂಧದ ಗುಣ. ತಮ್ಮದನ್ನೇ ಹಂಚಿಕೊಂಡು ಒಂದೇ ಮೈಯಾಗುವುದು ಬಂಧ. ಅದು ಅಣುವಿನ ಒಳಗಿನದು. ಇಂಗ್ಲಿಷಿನ ವಿದ್ಯಾರ್ಥಿ ಹೈಡ್ರೋಜನ್ ಬಾಂಡ್ ಎಂದಾಗ ಅದು ಅಣುವಿನೊಳಗಿನ ಬಾಂಡಿನಂತೆಯೇ ಇರಬಹುದು ಎಂದು ಮೊದಲು ತಿಳಿಯುತ್ತಾನೆ, ಆಮೇಲೆ ಅಲ್ಲವೆಂದು ಕಲಿಯಬೇಕಾಗುತ್ತದೆ. ನಂಟು ಎಂದು ವಿವರಿಸಿದರೆ ಕನ್ನಡದ ವಿದ್ಯಾರ್ಥಿಗೆ ಆ ಸುತ್ತುದಾರಿ ಬೇಕಿಲ್ಲ.

ಪರೀಕ್ಷೆಯ ಉತ್ತರದಲ್ಲಿ ಹೈಡ್ರೋಜನ್ ಬಂಧ ಎಂಬ ಪದವೇ ಇರಲಿ. ಎಲ್ಲರೂ ಒಪ್ಪಿ ಬಳಸುವ ಪರಿಭಾಷೆಯನ್ನು ಒಬ್ಬೊಬ್ಬರೇ ಬದಲಿಸುವುದು ಸರಿಯಲ್ಲ. ಆದರೆ ಅದನ್ನು ವಿವರಿಸುವ ಮಾತು ಮಗುವಿನ ಮಾತಾಗಿರಬೇಕು. ಬದನಗುಪ್ಪೆಯ ಶಾಲೆಯಲ್ಲಿ ಕುಳಿತ ಹುಡುಗಿಯ ಮನೆಯಲ್ಲಿ ಒಲೆ ಅಂಟುತ್ತದೆ, ಅರಿಸಿನ ಕೈಗೆ ಅಂಟುತ್ತದೆ, ಹಬ್ಬಕ್ಕೆ ನೆಂಟರು ಬಂದು ಹೋಗುತ್ತಾರೆ. ಅಣುಗಳ ನಡುವಿನ ಬಲಗಳನ್ನು ತಿಳಿಯಲು ಬೇಕಾದ ಭೇದಗಳೆಲ್ಲ ಅವಳ ಮಾತಿನಲ್ಲಿ ಆಗಲೇ ಇವೆ. ಅವಳ ಅಂಟಿಗೂ ನಂಟಿಗೂ ಪಾಠದಲ್ಲಿ ಒಂದು ಸಾಲಿನ ಜಾಗ ಕೊಟ್ಟರೆ, ನೀರು ಏಕೆ ನೀರಾಗಿದೆ ಎಂಬುದನ್ನು ಅವಳು ಬಾಯಿಪಾಠ ಮಾಡದೆ ತನ್ನ ಮಾತಿನಲ್ಲೇ ಹೇಳಬಲ್ಲಳು.